ರಕ್ತ ನಿಲ್ಲಿಸುವ ಕಿಟ್: ಬೆಂಗಳೂರಿನ ಹೋಟೆಲು, ಆಫೀಸು, ಅಪಾರ್ಟ್‌ಮೆಂಟಿಗೆ ಯಾವುದು ಕೊಳ್ಳಬೇಕು, ಯಾವುದು ಬಿಡಬೇಕು

2024ರ ಮಾರ್ಚ್ 1ರಂದು ಬ್ರೂಕ್‌ಫೀಲ್ಡಿನ ರಾಮೇಶ್ವರಂ ಕೆಫೆಯಲ್ಲಿ ಬಾಂಬ್ ಸಿಡಿದಾಗ ಮಧ್ಯಾಹ್ನ ಒಂದು ಗಂಟೆಯ ಹೊತ್ತು, ಊಟದ ಗಿರಾಕಿಗಳು ತುಂಬಿದ್ದ ಸಮಯ. ಚೀಲ ಇಟ್ಟುಹೋಗಿದ್ದು ಕೈ ತೊಳೆಯುವ ಜಾಗದ ಹತ್ತಿರ. ಯಾರ ಜೀವವೂ ಹೋಗಲಿಲ್ಲ. ವಾರ ಕಳೆದು ಕೆಫೆ ಮತ್ತೆ ತೆರೆದಾಗ ಬಾಗಿಲಲ್ಲಿ ಮೆಟಲ್ ಡಿಟೆಕ್ಟರ್ ಬಂದಿತ್ತು. ಅದು ಬಾಂಬ್ ಒಳಗೆ ಬರದಂತೆ ತಡೆಯುವ ಸಾಮಾನು. ಸಿಡಿದ ಮೇಲಿನ ಹತ್ತು ನಿಮಿಷಕ್ಕೆ ಬೇಕಾದ ಸಾಮಾನು ಬೇರೆಯೇ ಇದೆ, ಅದು ಈ ಊರಿನ ಎಷ್ಟು ಗೋಡೆಗಳ ಮೇಲಿದೆ ಎಂದು ಹುಡುಕಿದರೆ ಬೇಸರವಾಗುತ್ತದೆ. ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಎಲ್ಲ ಕಡೆ ಇದೆ. ರಕ್ತ ನಿಲ್ಲಿಸುವ ಕಿಟ್ ಇಲ್ಲ.

2008ರ ಜುಲೈ 25ರಂದು ಮಡಿವಾಳದ ಬಸ್ ಸ್ಟಾಪ್ ಸೇರಿ ಊರಿನ ಹಲವು ಕಡೆ ಸರಣಿ ಸ್ಫೋಟ, 2010ರ ಏಪ್ರಿಲ್ 17ರಂದು ಐಪಿಎಲ್ ಪಂದ್ಯಕ್ಕೆ ಮುಂಚೆ ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ, ಮೂರು ವರ್ಷ ಬಿಟ್ಟು ಅದೇ ತಾರೀಕಿಗೆ ಮಲ್ಲೇಶ್ವರದಲ್ಲಿ, 2014ರ ಡಿಸೆಂಬರ್ 28ರಂದು ಚರ್ಚ್ ಸ್ಟ್ರೀಟ್ ಫುಟ್‌ಪಾತ್‌ನಲ್ಲಿ. ಪ್ರತಿ ಸಲವೂ ಬಾಂಬ್ ಸಿಡಿದದ್ದು ಜನ ನಿಂತು ಮಾತಾಡುವ, ತಿನ್ನುವ, ಬಸ್ಸಿಗೆ ಕಾಯುವ ಜಾಗದಲ್ಲಿ. ಗಾಯಾಳುವಿನ ಹತ್ತಿರ ಮೊದಲು ಇರುವವರು ಪೊಲೀಸರಲ್ಲ, 108ರವರೂ ಅಲ್ಲ, ಪಕ್ಕದ ಟೇಬಲ್ಲಿನವರು. ದೊಡ್ಡವರ ಮೈಯಲ್ಲಿ ಇರುವುದು ಸುಮಾರು 5 ಲೀಟರ್ ರಕ್ತ. ತೊಡೆಯ ದೊಡ್ಡ ರಕ್ತನಾಳ ಪೂರ್ತಿ ಕತ್ತರಿಸಿದರೆ ಐದು ನಿಮಿಷದೊಳಗೆ ಪ್ರಾಣ ಹೋಗಬಹುದು. ಮಾರತ್ತಹಳ್ಳಿ ಬ್ರಿಡ್ಜ್ ಕೆಳಗೆ ಸಂಜೆ ಒಂದು ಸಲ ನಿಂತವರಿಗೆ ಐದು ನಿಮಿಷದಲ್ಲಿ ಆಂಬುಲೆನ್ಸ್ ಎಷ್ಟು ದೂರ ಬರುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಪೇಟೆಯಲ್ಲಿ ಮೂರು ಥರದ ಕಿಟ್ ಸಿಗುತ್ತವೆ. ಆನ್‌ಲೈನಿನಲ್ಲಿ "ಟ್ಯಾಕ್ಟಿಕಲ್" ಎಂಬ ಹೆಸರಲ್ಲಿ ಮಾರುವ, ನೂರಿನ್ನೂರು ಐಟಂ ತುಂಬಿದ ಅಗ್ಗದ ಚೀಲ ಒಂದು. ಹೊರದೇಶದಿಂದ ತರಿಸಿದ ಸಣ್ಣ, ದುಬಾರಿ ಪ್ಯಾಕೆಟ್ ಇನ್ನೊಂದು. ಬಿಡಿಬಿಡಿಯಾಗಿ ತಂದು ನಾವೇ ಜೋಡಿಸಿಕೊಳ್ಳುವುದು ಮೂರನೆಯದು. ಮೊದಲನೆಯದನ್ನು ಕೊಳ್ಳಬೇಡಿ. ಎರಡನೆಯದು ಚೆನ್ನಾಗಿದೆ, ಆದರೆ ಅದೇ ದುಡ್ಡಿಗೆ ಮೂರನೆಯ ದಾರಿಯಲ್ಲಿ ಎರಡು ಕಿಟ್ ಆಗುತ್ತದೆ. ಕಾರಣ, ಜೀವ ಉಳಿಸುವ ಕೆಲಸ ಮಾಡುವುದು ಮೂರೇ ಸಾಮಾನು: ಕೈಕಾಲಿಗೆ ಬಿಗಿದು ರಕ್ತ ತಡೆಯುವ ಟೂರ್ನಿಕೆ, ಗಾಯಕ್ಕೆ ತುರುಕುವ ಗಾಜ್ ಎಂಬ ತೆಳು ಬಟ್ಟೆ, ಬಟ್ಟೆ ಸೀಳುವ ಕತ್ತರಿ.

ಟೂರ್ನಿಕೆಯಿಂದ ಶುರು ಮಾಡೋಣ, ಮೋಸ ಹೆಚ್ಚಿರುವುದೂ ಇದರಲ್ಲೇ.

ಅದು ಮೂಲತಃ ಒಂದು ಅಗಲದ ಪಟ್ಟಿ, ಒಂದು ಬಕಲ್, ತಿರುಗಿಸಲು ಒಂದು ಕಡ್ಡಿ, ಆ ಕಡ್ಡಿ ಹಿಂದಕ್ಕೆ ಸುತ್ತದಂತೆ ಹಿಡಿಯುವ ಕ್ಲಿಪ್. ನಾರ್ತ್ ಅಮೆರಿಕನ್ ರೆಸ್ಕ್ಯೂ ಕಂಪನಿಯ ಕ್ಯಾಟ್ ಜೆನ್ 7 ಎಂಬುದು ಬಹಳ ಬಳಕೆಯಲ್ಲಿದೆ, ಪಟ್ಟಿಯ ಅಗಲ 3.8 ಸೆಂಟಿಮೀಟರ್, ತೂಕ 80 ಗ್ರಾಂ ಒಳಗೆ. ಸಾಫ್ಟ್-ಟಿ ವೈಡ್ ಎಂಬುದರ ಕಡ್ಡಿ ಲೋಹದ್ದು. ಗಟ್ಟಿ, ಆದರೆ ಮೊದಲ ಸಲ ಕೈಗೆತ್ತಿಕೊಂಡವರಿಗೆ ಕ್ಯಾಟ್‌ನಷ್ಟು ಬೇಗ ಅರ್ಥವಾಗುವುದಿಲ್ಲ. ಸಾರ್ವಜನಿಕ ಗೋಡೆಗೆ ಕ್ಯಾಟ್ ಲೇಸು. ಬಣ್ಣ ಕಿತ್ತಳೆ ಇರಲಿ. ಕಪ್ಪು ಪಟ್ಟಿ ರಕ್ತ, ಹೊಗೆ, ಕಪ್ಪು ಪ್ಯಾಂಟಿನ ನಡುವೆ ಕಾಣುವುದಿಲ್ಲ, ಆಸ್ಪತ್ರೆಯವರ ಕಣ್ಣಿಗೂ ಬೀಳದೆ ಹೋಗಬಹುದು. ನೀಲಿ ಬಣ್ಣದ್ದು ಅಭ್ಯಾಸಕ್ಕೆ ಮಾತ್ರ, ಅದನ್ನು ಕಿಟ್ಟಿಗೆ ಹಾಕಬಾರದು.

ಅಸಲಿಯ ಬೆಲೆ ಅಮೆರಿಕದಲ್ಲೇ 30 ಡಾಲರ್ ಆಸುಪಾಸು. ಇಲ್ಲಿ ಮುನ್ನೂರು ನಾನೂರು ರೂಪಾಯಿಗೆ "ಅದೇ ಕ್ಯಾಟ್" ಅಂತ ಸಿಕ್ಕರೆ ಅದು ಅದಲ್ಲ. ನಕಲಿ ಎಲ್ಲಿ ಕೈಕೊಡುತ್ತದೆ ಎಂದರೆ, ಮೊದಲು ಕಡ್ಡಿಯಲ್ಲಿ. ಎರಡನೇ ಸುತ್ತಿಗೆ ಅದು ಬಿಲ್ಲಿನಂತೆ ಬಾಗುತ್ತದೆ, ಮೂರನೆಯದಕ್ಕೆ ಮುರಿಯುತ್ತದೆ. ಆಮೇಲೆ ಕ್ಲಿಪ್: ಒತ್ತಡಕ್ಕೆ ಬಾಯಿ ಬಿಟ್ಟು ಕಡ್ಡಿ ಜಾರಿ, ಕಟ್ಟಿದ್ದೆಲ್ಲ ಗಿರ್ರನೆ ಸಡಿಲವಾಗುತ್ತದೆ. ವೆಲ್ಕ್ರೋ ಒದ್ದೆಯಾದರೆ ಹಿಡಿಯುವುದೇ ಇಲ್ಲ. ಅಸಲಿಯ ಪಟ್ಟಿಯೊಳಗೆ ಇನ್ನೊಂದು ಪಟ್ಟಿ ಓಡುತ್ತದೆ, ಕಡ್ಡಿ ತಿರುಗಿಸಿದಾಗ ಬಿಗಿಯುವುದು ಆ ಒಳಪಟ್ಟಿ. ಆದ್ದರಿಂದ ಕಾಲಿನ ಸುತ್ತ ಒತ್ತಡ ಒಂದೇ ಸಮ ಬೀಳುತ್ತದೆ. ಅನೇಕ ನಕಲಿಗಳಲ್ಲಿ ಈ ಒಳಪಟ್ಟಿಯನ್ನು ಹೊಲಿದುಬಿಟ್ಟಿರುತ್ತಾರೆ, ಓಡುವುದಿಲ್ಲ. ಕೊಂಡ ಮೇಲೆ ಒಂದನ್ನು ತೊಡೆಗೆ ಕಟ್ಟಿ ನೋಡಿ: ಪಾದದ ಮೇಲ್ಭಾಗದಲ್ಲಿ ನಾಡಿ ನಿಲ್ಲುವವರೆಗೂ ಬಿಗಿಯಾಗಬೇಕು, ಕಡ್ಡಿ ಬಾಗಬಾರದು. ಹಾಗೆ ಪರೀಕ್ಷೆ ಮಾಡಿದ್ದನ್ನು ಮತ್ತೆ ಕಿಟ್ಟಿಗೆ ಸೇರಿಸದೆ ಅಭ್ಯಾಸಕ್ಕೆ ಇಟ್ಟುಕೊಳ್ಳಿ. ಒಂದು ಸಲ ಪೂರ್ತಿ ಬಿಗಿದ ಟೂರ್ನಿಕೆ ಎರಡನೇ ಸಲಕ್ಕೆ ನಂಬಿಕೆಯದ್ದಲ್ಲ.

ಟವೆಲ್ಲೋ ಬೆಲ್ಟೋ ಸಾಲದೇ ಎಂಬ ಪ್ರಶ್ನೆ ಯಾವಾಗಲೂ ಬರುತ್ತದೆ. 2013ರ ಏಪ್ರಿಲ್ 15ರಂದು ಬಾಸ್ಟನ್ ಮ್ಯಾರಥಾನ್ ಸ್ಫೋಟದ ಜಾಗದಲ್ಲಿ ಕಟ್ಟಿದ 27 ಟೂರ್ನಿಕೆಗಳೂ ಕೈಗೆ ಸಿಕ್ಕಿದ್ದರಲ್ಲಿ ಮಾಡಿಕೊಂಡವೇ. ಅವುಗಳಲ್ಲಿನ ತೊಡಕನ್ನು ತಿಳಿದುಕೊಳ್ಳಬೇಕು. ಹೃದಯಕ್ಕೆ ಮರಳುವ ರಕ್ತದ ನಾಳಗಳು ಚರ್ಮದ ಹತ್ತಿರ, ಒತ್ತಡ ಕಡಿಮೆ. ಹೃದಯದಿಂದ ಬರುವ ನಾಳಗಳು ಆಳದಲ್ಲಿ, ಒತ್ತಡ ಜಾಸ್ತಿ. ಅರ್ಧಂಬರ್ಧ ಬಿಗಿದರೆ ಮರಳುವ ದಾರಿ ಮುಚ್ಚಿ, ಬರುವ ದಾರಿ ತೆರೆದೇ ಇರುತ್ತದೆ. ಆಗ ರಕ್ತ ನಿಲ್ಲುವುದಿರಲಿ, ಇನ್ನೂ ಜೋರಾಗಿ ಸುರಿಯುತ್ತದೆ. ಬೆಲ್ಟಿನಲ್ಲಿ ಹೀಗೇ ಆಗುತ್ತದೆ, ಅದನ್ನು ಕೈಯಿಂದ ಎಳೆದು ಅಷ್ಟು ಬಿಗಿಯಲು ಆಗುವುದಿಲ್ಲ. ಸಣ್ಣ ಹಗ್ಗವಾದರೆ ಮಾಂಸಕ್ಕೆ ಕಚ್ಚುತ್ತದೆ. ಬೇರೇನೂ ಇಲ್ಲದಾಗ ಮೂರು ಬೆರಳಗಲ ಮಡಿಸಿದ ಗಟ್ಟಿ ಬಟ್ಟೆಯನ್ನು ಕಟ್ಟಿ, ಗಂಟಿನ ಮೇಲೆ ಗಟ್ಟಿ ಕೋಲಿಟ್ಟು ತಿರುಗಿಸಲೇಬೇಕು. ತಿರುಗಿಸುವ ಕಡ್ಡಿ ಇಲ್ಲದ ಕಟ್ಟು ಟೂರ್ನಿಕೆ ಅಲ್ಲ.

ಕಟ್ಟುವ ಕ್ರಮ ಇಷ್ಟೇ. ಗಾಯಕ್ಕಿಂತ ನಾಲ್ಕು ಬೆರಳಗಲ ಮೇಲೆ, ಅಂದರೆ ಎದೆಯ ಕಡೆಗೆ. ಮಂಡಿ, ಮೊಣಕೈ ಕೀಲಿನ ಮೇಲೆ ಬೇಡ, ಕೀಲು ಬಂದರೆ ಅದನ್ನು ದಾಟಿ ಮೇಲಕ್ಕೆ. ಗಾಯ ಎಲ್ಲಿ ಎಂದು ಕಾಣದಿದ್ದರೆ, ಕತ್ತಲೆಯಿದ್ದರೆ, ಕೈಯಾದರೆ ಕಂಕುಳ ಹತ್ತಿರ, ಕಾಲಾದರೆ ತೊಡೆಸಂದಿನ ಹತ್ತಿರ, ಎಷ್ಟು ಮೇಲಕ್ಕೆ ಹೋಗುತ್ತದೋ ಅಷ್ಟು. ಬಕಲ್‌ಗೆ ಪಟ್ಟಿ ತೂರಿಸಿ, ಪಟ್ಟಿಯ ಕೆಳಗೆ ಮೂರು ಬೆರಳಿನ ತುದಿಯೂ ನುಗ್ಗದಷ್ಟು ಎಳೆದು ಅಂಟಿಸಬೇಕು. ಎಲ್ಲ ಕೆಡುವುದು ಈ ಹಂತದಲ್ಲಿ. ಇಲ್ಲಿ ಸಡಿಲ ಬಿಟ್ಟವರು ಕಡ್ಡಿಯನ್ನು ಐದಾರು ಸುತ್ತು ತಿರುಗಿಸಿ, ಅದು ಮುಂದೆ ಹೋಗದೆ ಒದ್ದಾಡುತ್ತಾರೆ. ಮೊದಲು ಸರಿಯಾಗಿ ಎಳೆದಿದ್ದರೆ ಮೂರು ಸುತ್ತಿನೊಳಗೆ ರಕ್ತ ನಿಲ್ಲುತ್ತದೆ. ನಿಂತ ಮೇಲೆ ಕಡ್ಡಿಯನ್ನು ಕ್ಲಿಪ್‌ನೊಳಗೆ ಸಿಕ್ಕಿಸಿ, ಮೇಲಿನ ಸಣ್ಣ ಪಟ್ಟಿ ಮುಚ್ಚಿ, ಅದರ ಮೇಲೆ ಹೊತ್ತು ಬರೆಯಬೇಕು: 1.10 ಅಂತ. ಪೆನ್ನಿನ ಶಾಯಿ ರಕ್ತದಲ್ಲಿ ಕದಡುತ್ತದೆ, ಪರ್ಮನೆಂಟ್ ಮಾರ್ಕರ್ ಕಿಟ್ಟಿನಲ್ಲೇ ಕಟ್ಟಿಡಿ.

ನೋವು ವಿಪರೀತ ಇರುತ್ತದೆ. ಬೇಡ ಬಿಚ್ಚಿ ಎಂದು ಗಾಯಾಳು ಕೂಗುತ್ತಾರೆ, ಕೈ ಹಿಡಿದು ಬೇಡಿಕೊಳ್ಳುತ್ತಾರೆ. ಬಿಚ್ಚಬಾರದು. ಹದಿನೈದು ನಿಮಿಷಕ್ಕೊಮ್ಮೆ ಸಡಿಲಿಸಬೇಕು ಎಂದು ಹಿಂದಿನ ಪ್ರಥಮ ಚಿಕಿತ್ಸೆ ಪಾಠಗಳಲ್ಲಿ ಕಲಿತವರು ಇನ್ನೂ ಬಹಳ ಜನ ಇದ್ದಾರೆ. ಅದನ್ನು ದಯವಿಟ್ಟು ಮರೆತುಬಿಡಿ. ಪ್ರತಿ ಸಲ ಸಡಿಲಿಸಿದಾಗ ಹೋಗುವ ರಕ್ತ ಒಟ್ಟು ಸೇರಿ ಜೀವ ತೆಗೆಯುತ್ತದೆ. ಕಾಲೇ ಹೋಗುತ್ತದೆ ಎಂಬ ಭಯಕ್ಕೂ ಉತ್ತರ ಇದೆ: ಮಂಡಿ ಆಪರೇಷನ್‌ನಲ್ಲಿ ಸರ್ಜನ್‌ಗಳು ಒಂದೂವರೆ ಎರಡು ಗಂಟೆ ಟೂರ್ನಿಕೆ ಕಟ್ಟಿಯೇ ಕೆಲಸ ಮಾಡುತ್ತಾರೆ. ಬೆಂಗಳೂರಿನ ಯಾವ ಮೂಲೆಯಿಂದಲೂ ಎರಡು ಗಂಟೆಯೊಳಗೆ ಆಸ್ಪತ್ರೆ ಸಿಗುತ್ತದೆ. ಬಿಚ್ಚುವ ಕೆಲಸ ಅಲ್ಲಿನ ಡಾಕ್ಟರದ್ದು. ಒಂದು ಕಟ್ಟಿಯೂ ರಕ್ತ ಒಸರುತ್ತಿದ್ದರೆ ಅದನ್ನು ಹಾಗೇ ಬಿಟ್ಟು, ಪಕ್ಕದಲ್ಲೇ ಮೇಲೆ ಇನ್ನೊಂದು ಕಟ್ಟಬೇಕು. ದಪ್ಪ ತೊಡೆಗೆ ಎರಡು ಬೇಕಾಗುವುದು ಸಾಮಾನ್ಯ, ಆದ್ದರಿಂದ ಒಂದು ಕಿಟ್ಟಿಗೆ ಎರಡು ಟೂರ್ನಿಕೆ.

ನಮ್ಮ ಉಡುಪಿನ ಮಾತೊಂದಿದೆ, ಕಿಟ್ಟಿನ ಜೊತೆ ಬರುವ ಯಾವ ಚೀಟಿಯಲ್ಲೂ ಇದು ಬರೆದಿರುವುದಿಲ್ಲ. ಸೀರೆಯ ನೆರಿಗೆ, ಪಂಚೆಯ ಮಡಿಕೆ ಪಟ್ಟಿಯ ಕೆಳಗೆ ಸಿಕ್ಕರೆ ದಪ್ಪ ಗಂಟಿನಂತೆ ಕೂತು, ಒಂದು ಕಡೆ ಒತ್ತಿ ಇನ್ನೊಂದು ಕಡೆ ಸಡಿಲ ಬಿಡುತ್ತದೆ. ಮೇಲೆತ್ತಿ ಸರಿಸಿ, ಇಲ್ಲವೇ ಕತ್ತರಿಸಿ. ತೆಳು ಪ್ಯಾಂಟ್ ಇದ್ದರೆ ಅದರ ಮೇಲೆಯೇ ಕಟ್ಟಬಹುದು, ಆದರೆ ಜೇಬಿನಲ್ಲಿ ಮೊಬೈಲ್, ಗಾಡಿ ಕೀಲಿ, ಎಲೆಅಡಿಕೆ ಡಬ್ಬಿ ಇದೆಯೇ ಎಂದು ಕೈಯಾಡಿಸಿ ತೆಗೆಯಬೇಕು.

ಟೂರ್ನಿಕೆ ಕಟ್ಟಲಾಗದ ಜಾಗಗಳಿವೆ. ತೊಡೆಸಂದು, ಕಂಕುಳು, ಭುಜ, ಕುತ್ತಿಗೆಯ ಬುಡ. ಅಲ್ಲಿಗೆ ಗಾಜ್. ಮೆಡಿಕಲ್ ಶಾಪಿನ ರೋಲರ್ ಬ್ಯಾಂಡೇಜ್ ಅನ್ನು ಗಾಯದ ಮೇಲೆ ಸುತ್ತಿದರೆ ಏನೂ ಪ್ರಯೋಜನವಿಲ್ಲ, ಗಾಯದೊಳಗೆ ತುರುಕಬೇಕು. ರಕ್ತ ಎಲ್ಲಿಂದ ಬರುತ್ತಿದೆಯೋ ಆ ತಳವನ್ನು ಬೆರಳಿನಿಂದ ಹುಡುಕಿ, ಗಾಜ್‌ನ ತುದಿಯನ್ನು ಅಲ್ಲಿಗೆ ಒತ್ತಿ, ಒಂದು ಬೆರಳು ತೆಗೆಯುವ ಮುಂಚೆ ಇನ್ನೊಂದು ಬೆರಳಿನಿಂದ ಮುಂದಿನ ಮಡಿಕೆ ತುರುಕುತ್ತ, ಗುಂಡಿ ಪೂರ್ತಿ ತುಂಬಿ ಮೇಲೆ ಉಬ್ಬುವವರೆಗೆ ಬಿಡಬಾರದು. ಆಮೇಲೆ ಎರಡೂ ಅಂಗೈಯಿಟ್ಟು, ಮೊಣಕೈ ನೆಟ್ಟಗೆ, ಮೈಭಾರವೆಲ್ಲ ಬಿಟ್ಟು ಒತ್ತುವುದು. ರಕ್ತ ಹೆಪ್ಪುಗಟ್ಟಿಸುವ ಔಷಧಿ ಹಚ್ಚಿದ ಗಾಜ್ ಆದರೆ ಮೂರು ನಿಮಿಷ, ಸಾದಾ ಆದರೆ ಹತ್ತು. ಗಡಿಯಾರ ನೋಡಿಕೊಂಡು ಒತ್ತಿ. ಹೇಗಿದೆ ನೋಡೋಣ ಎಂದು ನಡುವೆ ಎತ್ತಿ ನೋಡುವುದೇ ಇಲ್ಲಿ ಎಲ್ಲರೂ ಮಾಡುವ ತಪ್ಪು, ಆಗಷ್ಟೇ ಕಟ್ಟಿದ ಹೆಪ್ಪು ಕಿತ್ತುಬರುತ್ತದೆ.

ಔಷಧಿ ಗಾಜ್‌ನಲ್ಲಿ ಕ್ವಿಕ್‌ಕ್ಲಾಟ್ ಕಾಂಬ್ಯಾಟ್ ಗಾಜ್ ಬಿಳಿ ಜೇಡಿಮಣ್ಣಿನ ಜಾತಿಯ ಕೇಯೋಲಿನ್ ಹಚ್ಚಿದ್ದು, ಮೂರು ಇಂಚು ಅಗಲ, ಸುಮಾರು 3.7 ಮೀಟರ್ ಉದ್ದ, ಹಾವಿನಂತೆ ಮಡಿಸಿರುತ್ತಾರೆ. ಎಳೆದಷ್ಟೂ ಸಲೀಸಾಗಿ ಬರುತ್ತದೆ, ತುರುಕಲು ಇದೇ ಹದ. ಸೆಲಾಕ್ಸ್ ಕೈಟೋಸಾನ್‌ನದ್ದು, ಸಿಗಡಿಯಂಥ ಪ್ರಾಣಿಗಳ ಚಿಪ್ಪಿನಿಂದ ತೆಗೆಯುವ ವಸ್ತು ಅದು. ನಮ್ಮ ದೇಶದ ಆಕ್ಸಿಯೋ ಕಂಪನಿಯ ಆಕ್ಸಿಯೋಸ್ಟಾಟ್ ಕೂಡ ಕೈಟೋಸಾನ್‌ನದ್ದೇ, ಆದರೆ ಬಿಲ್ಲೆಯ ರೂಪದಲ್ಲಿ ಬರುತ್ತದೆ. ಮೈಮೇಲಿನ ತೆರೆದ ಗಾಯಕ್ಕೆ ಒತ್ತಿ ಹಿಡಿಯಲು ಅದು ಒಳ್ಳೆಯದು, ಇಲ್ಲೇ ತಯಾರಾಗುವುದರಿಂದ ತರಿಸಿಕೊಳ್ಳುವುದೂ ಸುಲಭ. ಆಳವಾದ, ಬಾಯಿ ಸಣ್ಣದಾದ ಗುಂಡಿಗೆ ಮಾತ್ರ ಉದ್ದನೆಯ ಗಾಜ್ ಪಟ್ಟಿಯೇ ಬೇಕು. ಯಾವುದಕ್ಕೂ ದುಡ್ಡು ಸಾಲದಿದ್ದರೆ ಸಾದಾ ಗಾಜ್ ಎರಡು ಪಟ್ಟು ಇಟ್ಟುಕೊಳ್ಳಿ. ಕೆಲಸ ಮಾಡುವುದರಲ್ಲಿ ದೊಡ್ಡ ಪಾಲು ಒತ್ತಡದ್ದು. ಕಾಫಿಪುಡಿ, ಅರಿಶಿನ ಬೇಡವೇ ಬೇಡ. ಅಡುಗೆಮನೆಯಲ್ಲಿ ಬೆರಳು ಕುಯ್ದುಕೊಂಡದ್ದಕ್ಕೆ ಹಾಕುವ ರೂಢಿ ಇರಬಹುದು. ಇಲ್ಲಿ ಅದು ರಕ್ತ ಎಲ್ಲಿಂದ ಬರುತ್ತಿದೆ ಎಂಬುದನ್ನೇ ಮರೆಮಾಡುತ್ತದೆ, ಡಾಕ್ಟರು ಅದನ್ನೆಲ್ಲ ತೊಳೆಯುತ್ತ ಕೂರಬೇಕಾಗುತ್ತದೆ.

ಕತ್ತರಿಯನ್ನು ಯಾರೂ ಗಮನಿಸುವುದಿಲ್ಲ. ತುದಿ ಬಗ್ಗಿದ, ಮೊಂಡಾದ ಟ್ರಾಮಾ ಕತ್ತರಿ ಬೇಕು, ಜೀನ್ಸಿನ ಸೊಂಟಪಟ್ಟಿಯನ್ನು ಒಂದೇ ಏಟಿಗೆ ಸೀಳುವಂಥದ್ದು. ಅಗ್ಗದ ಕಿಟ್ಟಿನ ಕತ್ತರಿ ಕಾಗದಕ್ಕೆ ಸರಿ, ಜೀನ್ಸಿನ ಮಡಿಕೆಯಲ್ಲಿ ಅಲಗು ಎರಡು ಕಡೆಗೆ ಬಾಗುತ್ತದೆ. ಇದು ಏಕೆ ಮುಖ್ಯ ಎಂದರೆ, 2008ರ ಬಾಂಬುಗಳಲ್ಲಿ ನಟ್ಟು ಬೋಲ್ಟು ತುಂಬಿದ್ದರು. ಅವು ನುಗ್ಗಿದ ತೂತು ನಾಣ್ಯದಷ್ಟೂ ಇರುವುದಿಲ್ಲ. ಕಡುಬಣ್ಣದ ಪ್ಯಾಂಟಿನಲ್ಲಿ ರಕ್ತ ಬರೀ ಒದ್ದೆಯಂತೆ ಕಾಣುತ್ತದೆ, ಹಿಂಬದಿ ತೊಡೆಯದ್ದು ನೆಲಕ್ಕೆ ಇಳಿದುಹೋಗುತ್ತದೆ. ಕಾಣುವ ಗಾಯಕ್ಕೆ ಕಟ್ಟಿ ಸಮಾಧಾನಪಡದೆ, ಗ್ಲೌಸ್ ಹಾಕಿದ ಕೈಯನ್ನು ಮೈಕೆಳಗೆ ತೂರಿಸಿ, ತೆಗೆದು, ಅಂಗೈ ನೋಡಬೇಕು. ನೈಟ್ರೈಲ್ ಗ್ಲೌಸ್ ನೀಲಿಯದು ಒಳ್ಳೆಯದು, ಕಪ್ಪಿನ ಮೇಲೆ ರಕ್ತ ತಿಳಿಯುವುದಿಲ್ಲ. ದೊಡ್ಡ ಸೈಜ್ ನಾಲ್ಕು ಜೊತೆ ಇರಲಿ.

ಪ್ರೆಶರ್ ಬ್ಯಾಂಡೇಜ್, ಅಂದರೆ ಹಿಗ್ಗುವ ಪಟ್ಟಿಗೆ ಒತ್ತುವ ಪ್ಲಾಸ್ಟಿಕ್ ಬಿಲ್ಲು ಇರುವುದು, ಆರು ಇಂಚಿನದ್ದು ಒಂದಿದ್ದರೆ ಗಾಜ್ ತುರುಕಿದ ಮೇಲೆ ಕೈ ಬಿಡುವಾಗುತ್ತದೆ. ಬೆಳ್ಳಿ ಹಾಳೆಯಂಥ ಕಂಬಳಿ ತೆಳು, ಹಗುರ, ಅಗ್ಗ, ತಪ್ಪದೆ ಇಡಿ. ರಕ್ತ ಹೋದ ಮೈ ತಣ್ಣಗಾದರೆ ರಕ್ತ ಹೆಪ್ಪುಗಟ್ಟುವ ಶಕ್ತಿಯೇ ಕುಂದುತ್ತದೆ, ಏಪ್ರಿಲ್ ಬಿಸಿಲಲ್ಲೂ ಇದು ನಿಜ. ಎದೆಯ ತೂತಿಗೆ ಅಂಟಿಸುವ ಚೆಸ್ಟ್ ಸೀಲ್ ತರಬೇತಿ ಇಲ್ಲದವರಿಗೆ ಬೇಡ. ತಪ್ಪಾಗಿ ಮುಚ್ಚಿದರೆ ಎದೆಯೊಳಗೆ ಗಾಳಿ ಸಿಕ್ಕಿಕೊಂಡು ಉಸಿರೇ ನಿಲ್ಲಬಹುದು. ಎದೆ, ಹೊಟ್ಟೆಯೊಳಗಿನ ರಕ್ತಸ್ರಾವವನ್ನು ಯಾವ ಕಿಟ್ಟೂ ನಿಲ್ಲಿಸುವುದಿಲ್ಲ, ಅಂಥವರನ್ನು ಮೊದಲು ಸಾಗಿಸಬೇಕು. ಇನ್ನು ನೂರಿನ್ನೂರು ಐಟಂ ಚೀಲದಲ್ಲಿರುವ ದಿಕ್ಸೂಚಿ, ಸೀಟಿ, ಹತ್ತಿ, ಸಣ್ಣ ಪ್ಲಾಸ್ಟರುಗಳು ಅವಸರದಲ್ಲಿ ಕೈಗೆ ಅಡ್ಡ ಬರುವುದಕ್ಕಷ್ಟೇ.

ಕೊಂಡ ಎಲ್ಲ ಕಿಟ್ಟಿನಲ್ಲೂ ಕೊರತೆಯಾಗಿರುವುದು ಕನ್ನಡದ ಚೀಟಿ. ಚಿತ್ರದ ಕೆಳಗೆ ಪುಟ್ಟ ಇಂಗ್ಲಿಷ್ ಅಕ್ಷರ ಇರುತ್ತದೆ. ಅದನ್ನು ತೆಗೆದು, ದಪ್ಪ ಅಕ್ಷರದಲ್ಲಿ ಇಷ್ಟು ಬರೆದು ಲ್ಯಾಮಿನೇಟ್ ಮಾಡಿಸಿ:

"ಕೈ ಕಾಲಿನಲ್ಲಿ ರಕ್ತ ಚಿಮ್ಮುತ್ತಿದ್ದರೆ ಕಿತ್ತಳೆ ಪಟ್ಟಿ ಕಟ್ಟಿ. ಗಾಯಕ್ಕಿಂತ ನಾಲ್ಕು ಬೆರಳು ಮೇಲೆ. ಮೊದಲು ಎಳೆಯಿರಿ, ಆಮೇಲೆ ತಿರುಗಿಸಿ. ರಕ್ತ ನಿಲ್ಲುವವರೆಗೂ. ಟೈಮ್ ಬರೆಯಿರಿ. ಬಿಚ್ಚಬೇಡಿ. ಕಂಕುಳು, ತೊಡೆಸಂದು, ಕುತ್ತಿಗೆ ಬುಡ: ಗಾಜ್ ತುರುಕಿ ಒತ್ತಿ. ನೀರು ಕುಡಿಸಬೇಡಿ. 112. 108."

ನೀರಿನ ಮಾತು ಏಕೆಂದರೆ, ನಮ್ಮ ಜನ ಮೊದಲು ಓಡಿ ತರುವುದೇ ನೀರು. ಪ್ರೀತಿಯಿಂದಲೇ ತರುತ್ತಾರೆ. ಆದರೆ ಪ್ರಜ್ಞೆ ಮಂಕಾದವರಿಗೆ ಅದು ಉಸಿರುನಾಳಕ್ಕೆ ಇಳಿಯಬಹುದು, ಆಪರೇಷನ್ನಿಗೆ ಅರಿವಳಿಕೆ ಕೊಡುವಾಗ ವಾಂತಿಯಾಗಬಹುದು. ಸ್ಫೋಟದ ಹತ್ತಿರ ಇದ್ದವರ ಕಿವಿತಮಟೆ ಹರಿದಿರಬಹುದು, ಕೂಗಿದ್ದು ಕೇಳಿಸುವುದಿಲ್ಲ. ಚೀಟಿಯನ್ನೇ ಮುಖದ ಮುಂದೆ ಹಿಡಿಯಬೇಕು, ಕೈಸನ್ನೆ ಮಾಡಬೇಕು.

ಕಿಟ್ ಹಿಡಿದು ಸ್ಫೋಟದ ಜಾಗದಲ್ಲೇ ಕೂರುವುದು ಅಪಾಯ. ಬೆಂಗಳೂರಿನ ಸರಣಿ ಸ್ಫೋಟದ ಮಾರನೇ ದಿನ, 2008ರ ಜುಲೈ 26ರಂದು, ಅಹಮದಾಬಾದಿನಲ್ಲಿ ಪೇಟೆಗಳಲ್ಲಿ ಬಾಂಬ್ ಸಿಡಿದ ಮೇಲೆ ಗಾಯಾಳುಗಳನ್ನು ಕರೆತಂದ ಸಿವಿಲ್ ಆಸ್ಪತ್ರೆಯ ಆವರಣದಲ್ಲೇ ಮತ್ತೆ ಸಿಡಿಯಿತು. ಸಹಾಯಕ್ಕೆ ಬಂದವರೇ ಗುರಿ. ಹಾಗಾಗಿ ಭಾರಿ ರಕ್ತಸ್ರಾವಕ್ಕೆ ಟೂರ್ನಿಕೆ ಒಂದನ್ನು ಬಿಗಿದು, ಉಳಿದ ಕೆಲಸವನ್ನು ಗಾಯಾಳುವನ್ನು ಗೋಡೆಯ ಮರೆಗೆ, ಬೇರೆ ರಸ್ತೆಗೆ ಎಳೆದೊಯ್ದ ಮೇಲೆ ಮಾಡಬೇಕು. ವಾರಸುದಾರರಿಲ್ಲದ ಚೀಲ, ಟಿಫನ್ ಡಬ್ಬಿ, ಕುಕ್ಕರ್ ಮುಟ್ಟಬಾರದು. 2022ರ ನವೆಂಬರಿನಲ್ಲಿ ಮಂಗಳೂರಿನ ಆಟೋದಲ್ಲಿ ಸಿಡಿದದ್ದು ಕುಕ್ಕರೇ. ಸ್ಟ್ರೆಚರ್ ಇಲ್ಲದಿದ್ದರೆ ಬೆಡ್‌ಶೀಟ್: 2006ರ ಜುಲೈ 11ರ ಮುಂಬೈ ರೈಲು ಸ್ಫೋಟಗಳಲ್ಲಿ ಹಳಿ ಪಕ್ಕದ ಜನ ಮನೆಯ ಹಾಸುಗೆಗಳಲ್ಲೇ ಗಾಯಾಳುಗಳನ್ನು ಹೊತ್ತರು. ಗಟ್ಟಿ ಹತ್ತಿಯ ಡಬಲ್ ಬೆಡ್‌ಶೀಟ್ ಒಂದನ್ನು ಕಿಟ್ಟಿನ ಪಕ್ಕ ಮಡಿಸಿಡಿ. ನಾಲ್ಕು ಮೂಲೆ, ನಾಲ್ಕು ಜನ.

ಚೀಟಿಯ ಹಿಂಬದಿಗೆ ಇನ್ನೊಂದು ನಂಬರ್: 14416. ಮಾನಸಿಕ ಆರೋಗ್ಯದ ಟೆಲಿ ಮನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಗಾಯವಾಗದ ಮಾಣಿಗೂ, ಕ್ಯಾಷಿಯರ್‌ಗೂ ಪಾತ್ರೆ ಬಿದ್ದ ಸದ್ದಿಗೆ ಎದೆ ಡವಗುಟ್ಟುವುದು, ನಿದ್ದೆ ಬಾರದಿರುವುದು ವಾರಗಟ್ಟಲೆ ಇರಬಹುದು. ತಿಂಗಳು ಕಳೆದರೂ ಕಡಿಮೆಯಾಗದಿದ್ದರೆ ಕರೆ ಮಾಡಲೇಬೇಕು, ಮಾಲೀಕರೇ ಕೂತು ಮಾಡಿಸಿದರೆ ಇನ್ನೂ ಒಳ್ಳೆಯದು.

ಕಿಟ್ ತೂಗುಹಾಕುವ ಜಾಗ ದರ್ಶಿನಿಯಲ್ಲಿ ಕ್ಯಾಷ್ ಕೌಂಟರಿನ ಹಿಂದಿನ ಗೋಡೆ. ಒಲೆಯ ಹತ್ತಿರ ಬೇಡ, ಬೀಗದ ಬೀರುವಿನಲ್ಲಿ ಬೇಡವೇ ಬೇಡ. ಅಪಾರ್ಟ್‌ಮೆಂಟಿನಲ್ಲಿ ಸೆಕ್ಯುರಿಟಿ ಕೋಣೆ. ರಾತ್ರಿ ಪಾಳಿಯವರಿಗೂ ಕಟ್ಟಲು ಬರಬೇಕು. ಕಾರಿನಲ್ಲಿಟ್ಟರೆ ಬಿಸಿಲಿಗೆ ಪ್ಲಾಸ್ಟಿಕ್ ಪೆಡಸಾಗುತ್ತದೆ, ಕಲಬುರಗಿ ರಾಯಚೂರಿನ ಕಡೆಯವರು ಇದನ್ನು ಖಂಡಿತ ನೆನಪಿಡಬೇಕು. ಟೂರ್ನಿಕೆಯ ಮೇಲಿನ ಪ್ಲಾಸ್ಟಿಕ್ ಹೊದಿಕೆ ಕಿತ್ತು, ಪಟ್ಟಿಯನ್ನು ಬಕಲ್‌ಗೆ ಪೋಣಿಸಿ, ದೊಡ್ಡ ಕುಣಿಕೆ ಬಿಟ್ಟು ಮಡಿಸಿಡಿ. ರಕ್ತದ ಕೈಯಲ್ಲಿ ಆ ಹೊದಿಕೆ ಹರಿಯುವುದಿಲ್ಲ. ಗಾಜ್ ಪ್ಯಾಕೆಟ್ ಮಾತ್ರ ಬಳಸುವವರೆಗೆ ತೆರೆಯಬಾರದು. ಅದರ ಮೇಲಿನ ಎಕ್ಸ್‌ಪೈರಿ ತಾರೀಕನ್ನು ಕಿಟ್ಟಿನ ಹೊರಗೆ ಮಾರ್ಕರ್‌ನಲ್ಲಿ ಬರೆದಿಡಿ. ಹುಡುಗರಿಗೆ ಆರು ತಿಂಗಳಿಗೊಮ್ಮೆ ಅಭ್ಯಾಸ, ನೀಲಿ ಟೂರ್ನಿಕೆಯಲ್ಲಿ, ಕೈಗೆ ಅಡುಗೆ ಎಣ್ಣೆ ಸವರಿಕೊಂಡು. ಒಣಗಿದ ಕೈಯಲ್ಲಿ ಅರ್ಧ ನಿಮಿಷಕ್ಕೆ ಕಟ್ಟುವವರು ಎಣ್ಣೆಗೈಯಲ್ಲಿ ಎರಡು ನಿಮಿಷ ತೆಗೆದುಕೊಂಡರೆ, ಒಂದು ನಿಮಿಷದೊಳಗೆ ಬರುವವರೆಗೂ ಮತ್ತೆ ಮತ್ತೆ ಕಟ್ಟಿಸಿ.